ಹೊಸ ವರ್ಷದ ಪಟ್ಟಿ ಬರೆಯುವ ಮೊದಲು ಹಳೆ ವರ್ಷವನ್ನು ಹೇಗೆ ನೋಡ್ತೀರಿ?

ಬಿಜೈ ಅಕ್ಕ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮುಗಿಯುತ್ತಾ ಬಂತು. ಆಫೀಸಿನಲ್ಲಿ, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ, ಎಲ್ಲಿ ಹೋದರೂ ಒಂದೇ ಮಾತು: ಮುಂದಿನ ವರ್ಷದ ಗುರಿ ಏನು? ವಾಕಿಂಗ್, ತೂಕ, ಉಳಿತಾಯ, ಮಕ್ಕಳ ಓದು. ಎಲ್ಲರ ಪಟ್ಟಿಯೂ ರೆಡಿ ಉಂಟು. ಆದರೆ ಕಳೆದ ವರ್ಷ ಎಂತ ಆಯಿತು ಅಂತ ಕೂತು ನೋಡಿದವರು ಕಡಿಮೆ.

ಮೊನ್ನೆ ಹೊಸ ಕ್ಯಾಲೆಂಡರ್ ಬಂತು. ಹಳೆಯದನ್ನು ಮೊಳೆಯಿಂದ ತೆಗೆದು ಜನವರಿಯಿಂದ ಪುಟ ತಿರುವಿದೆ. ನಮ್ಮ ಮನೆಯಲ್ಲಿ ಎಲ್ಲವನ್ನೂ ಬರೆಯುವುದು ಅದರ ಮೇಲೇ. ಗ್ಯಾಸ್ ಬಂದ ದಿನ, ಹಾಲು ಬೇಡ ಅಂದ ದಿನ, ಕರೆಂಟ್ ಬಿಲ್, ಮಗನ ಯೂನಿಟ್ ಟೆಸ್ಟ್. ಮಾರ್ಚಿನಿಂದ ಜುಲೈವರೆಗೆ ನೋಡಿದರೆ ಪುಟ ತುಂಬಾ ಅತ್ತೆಯ ಆಸ್ಪತ್ರೆಯದ್ದೇ. ಮೊಣಕಾಲಿನ ಆಪರೇಷನ್, ಆಮೇಲೆ ಫಿಸಿಯೋಥೆರಪಿ, ಆಮೇಲೆ ಎಕ್ಸ್‌ರೇ. ಈಗ ಅತ್ತೆ ಕೋಲಿಲ್ಲದೆ ಮೆಟ್ಟಿಲು ಇಳಿದು ಅಂಗಡಿಗೆ ಹೋಗಿ ಬರುತ್ತಾರೆ. ನಮ್ಮ ಮನೆಯ ಮಟ್ಟಿಗೆ ವರ್ಷದ ದೊಡ್ಡ ಕೆಲಸ ಅದೇ. ಆದರೆ ಹೋದ ಜನವರಿಯಲ್ಲಿ ಬರೆದ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಅದಕ್ಕೇ ಕೇಳುವುದು. ನೀವು ಹಿಂದಿನ ವರ್ಷವನ್ನು ಯಾವುದನ್ನು ಹಿಡಿದು ನೋಡ್ತೀರಿ? ಡೈರಿಯಾ, ಪಾಸ್‌ಬುಕ್ಕಾ, ಫೋಟೋನಾ? ನೋಡಿದ ಮೇಲೆ ಮುಂದಿನ ವರ್ಷಕ್ಕೆ ಅದರಿಂದ ಎಂತ ಎತ್ತಿಕೊಳ್ತೀರಿ?

ಮೂಡುಬಿದಿರೆ ಮಾಣಿ
ಜನವರಿ ಒಂದು ನಮ್ಮ ಹೊಸ ವರ್ಷವೇ ಅಲ್ಲ ಅಕ್ಕ. ಏಪ್ರಿಲ್‌ನಲ್ಲಿ ಬಿಸು, ನಮ್ಮ ತುಳುವರ ಹೊಸ ವರ್ಷ, ಬರುತ್ತದಲ್ಲ, ಆಗ ನೋಡುವ.

ಬಂದರು ಲೆಕ್ಕಿಗ
ಬಿಸು ಆಗಲಿ, ಜನವರಿ ಆಗಲಿ, ದುಡ್ಡಿನ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನನ್ನ ಕೆಲಸವೇ ಲೆಕ್ಕ ಬರೆಯುವುದು, ಹಾಗಾಗಿ ನನ್ನ ಉತ್ತರ ಬ್ಯಾಂಕ್ ಸ್ಟೇಟ್‌ಮೆಂಟ್. ಕ್ಯಾಲೆಂಡರಿನಲ್ಲಿ ನಾವು ಬರೆದದ್ದು ಮಾತ್ರ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಬರೆಯಲು ಮನಸ್ಸಿಲ್ಲದ್ದೂ ಇರುತ್ತದೆ.

ಒಂದು ಕೆಲಸ ಮಾಡಿ. ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಿರಿ. ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಕಟ್ಟಲೇಬೇಕಾದದ್ದು ಒಂದು ಬಣ್ಣ, ಬೇಕು ಅಂತ ಮಾಡಿದ ಖರ್ಚು ಒಂದು ಬಣ್ಣ, ಯಾಕೆ ಹೋಯಿತು ಅಂತ ನೆನಪೇ ಇಲ್ಲದ್ದು ಇನ್ನೊಂದು ಬಣ್ಣ. ಯುಪಿಐ ಬಂದ ಮೇಲೆ ಈ ಮೂರನೇ ಬಣ್ಣ ಎಲ್ಲರಲ್ಲೂ ಜಾಸ್ತಿ. ಉಳಿತಾಯದ ಗುರಿ ಹಾಕುವುದಾದರೆ ಆ ಬಣ್ಣವನ್ನು ನೋಡಿ ಹಾಕಿ. ತಿಂಗಳಿಗೆ ಹತ್ತು ಸಾವಿರ ಉಳಿಸ್ತೇನೆ ಅಂತ ಗಾಳಿಯಲ್ಲಿ ಬರೆದರೆ ಫೆಬ್ರವರಿಗೆ ಮುಗಿಯಿತು.

ಪಿಗ್ಮಿ ಪುಸ್ತಕ
ಲೆಕ್ಕಿಗರೇ, ನಮ್ಮ ಜಿಲ್ಲೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾ? ಪಿಗ್ಮಿ ಶುರುವಾದದ್ದೇ ಇಲ್ಲಿ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುವಾದಾಗಲೇ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ. ಗುರಿ ಅಂತ ಯಾರೂ ಹೇಳುತ್ತಿರಲಿಲ್ಲ, ದಿನಾ ಕಟ್ಟುತ್ತಿದ್ದರು ಅಷ್ಟೆ.

ಬಂದರು ಲೆಕ್ಕಿಗ
ಸಣ್ಣ ತಿದ್ದುಪಡಿ. ಬ್ಯಾಂಕ್ ಶುರುವಾದದ್ದು 1925ರಲ್ಲಿ, ಪಿಗ್ಮಿ ಬಂದದ್ದು 1928ರಲ್ಲಿ. ಎರಡಾಣೆ ಸರಿ. ನೀವು ಹೇಳಿದ ವಿಷಯಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು. ದಿನದ ದುಡಿಮೆ ಇದ್ದವನಿಗೆ ದಿನದ ಲೆಕ್ಕವೇ ಸರಿ ಅಂತ ಆಗಿನವರು ಕಂಡುಕೊಂಡಿದ್ದರು. ವರ್ಷದ ಗುರಿಯನ್ನು ದಿನದ ಅಳತೆಗೆ ತಂದದ್ದು ಅವರು.

ಕುಂಪಲ ಕುವರ
ಸಿಂಡಿಕೇಟ್ ಈಗ ಕೆನರಾ ಬ್ಯಾಂಕ್ ಅಲ್ವಾ?

ಪಿಗ್ಮಿ ಪುಸ್ತಕ
ಹೌದು, 2020ರ ಏಪ್ರಿಲ್ 1ಕ್ಕೆ ಸೇರಿತು. ಕಾರ್ಪೊರೇಷನ್ ಬ್ಯಾಂಕ್ ಕೂಡ ಅದೇ ದಿನ ಯೂನಿಯನ್ ಬ್ಯಾಂಕಿಗೆ ಹೋಯಿತು. ಅದರ ಹಿಂದಿನ ವರ್ಷ ವಿಜಯಾ ಹೋಗಿತ್ತು. ಈಗಲೂ ನೆನೆದರೆ ಬೇಸರ ಆಗುತ್ತದೆ. ವಿಷಯಕ್ಕೆ ಬರುವ.

ಮಲ್ಪೆ ತಾಂಡೇಲ
ನಾವು ಬೋಟಿನಲ್ಲಿ ಮೀನು ಹಿಡಿಯುವವರು, ನಮ್ಮ ವರ್ಷ ನಿಮ್ಮ ಯಾವುದಕ್ಕೂ ಸೇರುವುದಿಲ್ಲ. ಆಗಸ್ಟಿಗೆ ಶುರು, ಮೇ 31ಕ್ಕೆ ಮುಗಿಯಿತು. ಜೂನ್, ಜುಲೈ ಎರಡು ತಿಂಗಳು ಸರಕಾರದ ನಿಷೇಧ, ಒಟ್ಟು 61 ದಿನ. ಮೀನು ಮರಿ ಹಾಕುವ ಸಮಯ, ಕಡಲೂ ಜೋರು. ಬೋಟು ದಡಕ್ಕೆ ಬರುತ್ತದೆ.

ಆ ಎರಡು ತಿಂಗಳಲ್ಲಿ ನಡೆಯುವುದೇ ನೀವು ಕೇಳಿದ ಕೆಲಸ. ಯಾವ ಬಲೆ ಎಲ್ಲಿ ಹರಿಯಿತು, ಎಷ್ಟು ಸಲ ಹರಿಯಿತು, ಎಂಜಿನ್ ಯಾವಾಗ ಕೈಕೊಟ್ಟಿತು, ಡೀಸೆಲ್‌ಗೆ ಎಷ್ಟು, ಐಸ್‌ಗೆ ಎಷ್ಟು, ಯಾರಿಗೆ ಎಷ್ಟು ಮುಂಗಡ ಕೊಟ್ಟಾಗಿದೆ. ಬಲೆಯನ್ನು ಹರಡಿ ಕೂತು ಕಣ್ಣು ಕಣ್ಣು ನೋಡಿ ಹೆಣೆಯುವಾಗ ಹಿಂದಿನ ವರ್ಷ ಪೂರ್ತಿ ಕೈಗೆ ಸಿಗುತ್ತದೆ. ಕಲ್ಲಿಗೆ ಸಿಕ್ಕಿದ್ದು ಯಾವ ಜಾಗದಲ್ಲಿ ಅಂತ ಹರಿದ ಕಡೆ ನೋಡಿದರೆ ಗೊತ್ತಾಗುತ್ತದೆ. ಆ ಜಾಗಕ್ಕೆ ಮುಂದಿನ ವರ್ಷ ಹೋಗುವುದಾ ಬೇಡವಾ ಅಂತ ಅಲ್ಲೇ ಮಾತಾಗುತ್ತದೆ.

ನಾನು ಹೇಳುವುದು ಇಷ್ಟೇ. ಕೆಲಸ ನಡೆಯುತ್ತಾ ಇರುವಾಗ ಹಿಂದೆ ನೋಡಲು ಆಗುವುದಿಲ್ಲ. ಡಿಸೆಂಬರ್ 31ರ ರಾತ್ರಿ ಅರ್ಧ ಗಂಟೆಯಲ್ಲಿ ಮಾಡುವ ಕೆಲಸ ಇದಲ್ಲ. ಒಂದು ವಾರವಾದರೂ ನಿಲ್ಲಬೇಕು.

ಉಚ್ಚಿಲ ದೋಣಿ
ತಾಂಡೇಲರೇ, ಎಲ್ಲ ಮೀನುಗಾರರಿಗೂ ಜೂನ್, ಜುಲೈ ರಜೆ ಅಂತ ಓದುವವರು ತಿಳಿದುಕೊಳ್ಳುವುದು ಬೇಡ. ನಾಡದೋಣಿಯವರಿಗೆ ನಿಷೇಧ ಇಲ್ಲ. ನಮಗೆ ಮಳೆಗಾಲವೇ ಸೀಸನ್. ನಿಮ್ಮ ಬೋಟು ಮೇಲೆ ಬಂದ ಮೇಲೆ ನಾವು ಕಡಲಿಗೆ ಇಳಿಯುವುದು.

ಮಲ್ಪೆ ತಾಂಡೇಲ
ನೀವು ಹೇಳಿದ್ದು ಸರಿ ಅಣ್ಣ. ನಾನು ಹೇಳಿದ್ದು ಯಾಂತ್ರಿಕ ಬೋಟುಗಳದ್ದು.

ಕಂಕನಾಡಿ ನರ್ಸ್
ಒಂದು ವಾರ ನಿಲ್ಲುವುದು ಯಾರಿಗೆ ಸಾಧ್ಯ? ನಮಗೆ ಶಿಫ್ಟ್ ಉಂಟು. ಹಬ್ಬಕ್ಕೂ ಡ್ಯೂಟಿ, ಹೊಸ ವರ್ಷದ ರಾತ್ರಿಯೂ ಡ್ಯೂಟಿ. ಈ ಹಿಂದೆ ನೋಡುವುದು, ಗುರಿ ಹಾಕುವುದು ಎಲ್ಲ ಶನಿವಾರ, ಭಾನುವಾರ ರಜೆ ಇರುವವರ ಮಾತು ಅಂತ ನನಗೆ ಅನಿಸುತ್ತದೆ. ಸಿಟ್ಟಿನಿಂದ ಹೇಳುತ್ತಿಲ್ಲ. ನನ್ನಂಥವರಿಗೆ ಆಗುವ ದಾರಿ ಇದ್ದರೆ ಹೇಳಿ.

ಶಂಕರಪುರ ಮಲ್ಲಿಗೆ
ನರ್ಸಕ್ಕ, ನಮಗೂ ರಜೆ ಇಲ್ಲ. ಮಲ್ಲಿಗೆ ಗಿಡ ಇವತ್ತು ಭಾನುವಾರ ಅಂತ ನೋಡುವುದಿಲ್ಲ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ, ಅಂದರೆ ಹೂವು ಕೊಳ್ಳುವ ಜಾಗಕ್ಕೆ, ಮುಟ್ಟಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರ ಕಟ್ಟೆಯಲ್ಲಿ ನಿಗದಿ ಆಗುತ್ತದೆ.

ನಾನು ಮಾಡುವುದು ಇಷ್ಟು. ಹೂವು ಕೊಟ್ಟು ಬಂದ ಕೂಡಲೇ ಎರಡು ಅಂಕಿ ಬರೆಯುವುದು. ಎಷ್ಟು ಚೆಂಡು, ಎಷ್ಟು ದರ. ಬೇರೆ ಒಂದಕ್ಷರ ಇಲ್ಲ. ವರ್ಷದ ಕೊನೆಗೆ ನೋಡಿದರೆ ದರ ಏರಿದ ಮದುವೆ ಸೀಸನ್‌ನಲ್ಲಿ ನನ್ನ ಗಿಡದಲ್ಲಿ ಹೂವು ಎಷ್ಟಿತ್ತು, ಹೂವು ರಾಶಿ ಬಿದ್ದಾಗ ದರ ಎಷ್ಟಕ್ಕೆ ಇಳಿದಿತ್ತು, ಎಲ್ಲ ಕಾಣುತ್ತದೆ. ಮುಂದಿನ ವರ್ಷ ಗಿಡ ಸವರುವುದು, ಗೊಬ್ಬರ ಹಾಕುವುದು ಯಾವಾಗ ಅಂತ ನಿರ್ಧಾರ ಮಾಡುವುದು ಅದನ್ನು ನೋಡಿಯೇ. ವರ್ಷದ ಕೊನೆಗೆ ಕೂರಲು ಸಮಯ ಇಲ್ಲದವರು ದಿನಾ ಅರ್ಧ ನಿಮಿಷ ಕೊಡಬೇಕು. ಬೇರೆ ದಾರಿ ನನಗಂತೂ ಕಂಡಿಲ್ಲ.

ಕಂಕನಾಡಿ ನರ್ಸ್
ಇದು ಆಗುವಂಥದ್ದು. ನೈಟ್ ಮುಗಿಸಿ ಬಸ್ಸಿನಲ್ಲಿ ಕೂತಾಗ ಎರಡು ಅಂಕಿ ಬರೆಯಬಹುದು. ನಿದ್ದೆ ಎಷ್ಟು ಗಂಟೆ, ಕೈಯಲ್ಲಿ ಉಳಿದದ್ದು ಎಷ್ಟು. ಥ್ಯಾಂಕ್ಸ್ ಅಕ್ಕ.

ಸುರತ್ಕಲ್ ಎಕ್ಸ್‌ಪ್ರೆಸ್
ಇಷ್ಟೆಲ್ಲ ಯಾಕೆ? 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಕೂರುತ್ತದೆ. ಹಿಂದಿನ ವರ್ಷ ನೋಡುವುದು ಸುಮ್ನೆ ಟೈಮ್ ವೇಸ್ಟ್. ಮುಂದೆ ನೋಡಿ.

ಮಣಿಪಾಲ ಮೇಷ್ಟ್ರು
ಆ 21 ದಿನದ ಮಾತನ್ನು ಕ್ಲಾಸಿನಲ್ಲಿ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಅದು ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದದ್ದು. ಆಪರೇಷನ್ ಆದವರಿಗೆ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ "ಕಡಿಮೆ ಅಂದರೂ" ಅನ್ನುವುದು ಬಿದ್ದುಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು ಇದನ್ನು ಅಳೆದು ನೋಡಿದರು. 96 ಜನ. ಊಟದ ಜೊತೆ ಒಂದು ಹಣ್ಣು, ಊಟದ ಜೊತೆ ನೀರು, ರಾತ್ರಿ ಊಟದ ಮೊದಲು ಸ್ವಲ್ಪ ಓಟ, ಇಂಥ ಸಣ್ಣ ಕೆಲಸಗಳು. ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ನೀರು ಕುಡಿಯುವುದು ಬೇಗ ಕೂತಿತು, ವ್ಯಾಯಾಮ ತಡ ಮಾಡಿತು. ಇನ್ನೂ ಮುಖ್ಯವಾದದ್ದು, ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಏನೂ ಆಗಲಿಲ್ಲ. "ಬಿಡದೆ 21 ದಿನ" ಅಂತ ನಂಬಿದವರು ಏಳನೇ ದಿನ ತಪ್ಪಿದರೆ ಎಲ್ಲ ಹೋಯಿತು ಅಂತ ಕೈಬಿಡುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ನೋಡಿ ನೋಡಿ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಸುರತ್ಕಲ್ ಎಕ್ಸ್‌ಪ್ರೆಸ್
ಸರಿ ಸರ್, 21 ಬಿಟ್ಟೆ. ಆದರೂ ಹಿಂದೆ ನೋಡುವುದರಿಂದ ಎಂತ ಲಾಭ ಅಂತ ಯಾರೂ ಹೇಳಲಿಲ್ಲ.

ಕಾರ್ಕಳದ ಕೃಷಿಕ
ನಾನು ಹೇಳ್ತೇನೆ. ನಮ್ಮಲ್ಲಿ ಅಜ್ಜನ ಕಾಲದಿಂದ ಮಳೆ ಡೈರಿ ಉಂಟು. ಅಜ್ಜ ಬರೆದರು, ಅಪ್ಪ ಬರೆದರು, ಈಗ ನಾನು. ಎಷ್ಟು ಮಿಲಿಮೀಟರ್, ಮದ್ದು ಬಿಟ್ಟದ್ದು ಯಾವತ್ತು, ಯಾವ ಬದಿಯ ತೋಟದಲ್ಲಿ ಮೊದಲು ಅಡಿಕೆ ಉದುರಿತು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ನಿಮಗೆಲ್ಲ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಪುಸ್ತಕದಲ್ಲಿ ಇಷ್ಟೇ. ಆದರೆ ಎರಡನೇ ಸಲದ ಹೊತ್ತಿಗೆ ಮಳೆ ಬಿಡುವುದೇ ಇಲ್ಲ, ಮರ ಹತ್ತುವವರೂ ಸಿಗುವುದಿಲ್ಲ. ಡೈರಿ ನೋಡಿದರೆ ತಡವಾದ ವರ್ಷಗಳಲ್ಲೆಲ್ಲ ಕಾರಣ ಒಂದೇ, ಜನ ಸಿಗದ್ದು. ಮಳೆ ಜಾಸ್ತಿ ಬಂದು ಹೀಗಾಯಿತು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದೆವು. ಡೈರಿ ಹೇಳಿದ್ದು ಬೇರೆ. ಹಾಗಾಗಿ ಮುಂದಿನ ವರ್ಷದ ನನ್ನ ಗುರಿ "ಇಳುವರಿ ಹೆಚ್ಚಿಸುವುದು" ಅಂತ ಅಲ್ಲವೇ ಅಲ್ಲ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ತಂದು, ನೆಲದಲ್ಲಿ ನಿಂತು ಮದ್ದು ಬಿಡಲು ನಾನೂ ತಮ್ಮನೂ ಮೇ ಒಳಗೆ ಕಲಿಯುವುದು.

ಲಾಭ ಇದೇ. ಸರಿಯಾದ ಕಾರಣ ಸಿಗದೆ ಗುರಿ ಹಾಕಿದರೆ ಬೇರೆ ಯಾವುದಕ್ಕೋ ಮದ್ದು ಬಿಟ್ಟ ಹಾಗೆ.

ಸುರತ್ಕಲ್ ಎಕ್ಸ್‌ಪ್ರೆಸ್
ಇದು ಒಪ್ಪುವ ಮಾತು ಅಣ್ಣ.

ಪುತ್ತೂರು ಪೇಟೆ
ದೋಟಿ ಭಾರ ಆಗುವುದಿಲ್ಲವಾ? ಎತ್ತರದ ಮರಕ್ಕೆ ಕೈ ನಡುಗುತ್ತದೆ ಅಂತ ಕೇಳಿದ್ದೆ.

ಕಾರ್ಕಳದ ಕೃಷಿಕ
ಕಾರ್ಬನ್ ಫೈಬರ್ ಹಗುರ. ಅಭ್ಯಾಸ ಬೇಕು, ಕುತ್ತಿಗೆ ನೋಯುತ್ತದೆ. ಅದಕ್ಕೇ ಮೇ ಒಳಗೆ ಅಂದದ್ದು. ಕರೆಂಟ್ ಲೈನ್ ಹತ್ತಿರ ಮಾತ್ರ ಖಂಡಿತ ಬೇಡ, ಅದರಲ್ಲಿ ಕರೆಂಟ್ ಹರಿಯುತ್ತದೆ.

ಕಾಪು ಕಡಲು
ನನಗೆ ಬೇರೆ ಅಭಿಪ್ರಾಯ ಉಂಟು, ಹೇಳಲೇಬೇಕು. ಈ ವರ್ಷ ಅಪ್ಪ ಹೋದರು. ಸ್ಟೇಟ್‌ಮೆಂಟ್ ತೆಗೆದರೆ ಆಸ್ಪತ್ರೆ ಬಿಲ್, ಫೋಟೋ ತೆರೆದರೆ ಅಪ್ಪ. ಮೂರು ಬಣ್ಣದ ಪೆನ್ನು ಹಿಡಿದು ಕೂರಲು ನನ್ನಿಂದ ಆಗುವುದಿಲ್ಲ. ಹಿಂದೆ ನೋಡಿದರೆ ಒಳ್ಳೆಯದು ಅಂತ ಎಲ್ಲರಿಗೂ ಒಂದೇ ಸಮ ಹೇಳಬೇಡಿ. ಕೆಲವು ವರ್ಷಗಳನ್ನು ದಾಟಿದರೆ ಸಾಕು.

ಬಿಜೈ ಅಕ್ಕ
ತಂಗಿ, ಬೇಸರದ ವಿಷಯ. ನೀವು ಹೇಳಿದ್ದು ಸರಿ. ಈ ವರ್ಷ ನೋಡಬೇಕು ಅಂತ ಯಾವ ಕಟ್ಟಳೆಯೂ ಇಲ್ಲ. ವರ್ಷಾಂತಿಕ ಆದ ಮೇಲೆ ಮನಸ್ಸು ಬಂದರೆ ನೋಡಿ, ಇಲ್ಲದಿದ್ದರೆ ಬಿಡಿ.

ಬಂದರು ಲೆಕ್ಕಿಗ
ಕಾಪು ಕಡಲು ಅವರೇ, ಪೆನ್ನಿನ ವಿಷಯ ಬಿಟ್ಟುಬಿಡಿ. ಒಂದು ಕೆಲಸದ ಮಾತು ಮಾತ್ರ ಹೇಳ್ತೇನೆ. ಅಪ್ಪನ ಖಾತೆ, ಎಲ್‌ಐಸಿ, ಪೆನ್ಷನ್ ಕಾಗದ ಇವುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ, ಎಲ್ಲ ಕಡೆ ಕೇಳುತ್ತಾರೆ. ನಾಮಿನಿ ಹೆಸರು ಇದ್ದರೆ ಬ್ಯಾಂಕಿನ ಕೆಲಸ ಸುಲಭ. ಅಮ್ಮನನ್ನು ಒಬ್ಬರನ್ನೇ ಕಳಿಸಬೇಡಿ.

ಕಾಪು ಕಡಲು
ನಾಮಿನಿ ಅಮ್ಮನೇ. ಫೈಲ್ ಮಾಡ್ತೇನೆ. ಉಪಕಾರ ಆಯಿತು.

ರಥಬೀದಿ ಹುಡುಗ
ಉಡುಪಿಯವರು ಯಾರೂ ಪರ್ಯಾಯದ, ಅಂದರೆ ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವ ವಿಷಯ ಎತ್ತಲಿಲ್ಲ, ಆಶ್ಚರ್ಯ! 2026ರ ಜನವರಿ 18ಕ್ಕೆ ಶೀರೂರು ಮಠದ ಪರ್ಯಾಯ. ಎಂಟು ಮಠಗಳು, ಒಂದೊಂದಕ್ಕೆ ಎರಡು ವರ್ಷ, ಅಂದರೆ ಒಂದು ಮಠಕ್ಕೆ ಸರದಿ ಬರುವುದು ಹದಿನಾಲ್ಕು ವರ್ಷ ಕಾದ ಮೇಲೆ. ಮೊದಲು ಎರಡೆರಡು ತಿಂಗಳ ಸರದಿ ಇತ್ತು, ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು.

ಜನ ನೋಡುವುದು ಆ ಒಂದು ರಾತ್ರಿಯ ಮೆರವಣಿಗೆ. ದಂಡತೀರ್ಥದಲ್ಲಿ ಸ್ನಾನ, ಜೋಡುಕಟ್ಟೆಯಿಂದ ಮೆರವಣಿಗೆ, ಬೆಳಗ್ಗಿನ ಜಾವ ಸ್ವಾಮಿಗಳು ಸರ್ವಜ್ಞ ಪೀಠ ಏರುವುದು. ಆದರೆ ಕೆಲಸ ಶುರುವಾಗುವುದು ತಿಂಗಳುಗಟ್ಟಲೆ ಮೊದಲು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ದಿನಾ ಸಾವಿರಾರು ಜನರಿಗೆ ಊಟ ಹಾಕಬೇಕು, ಅದಕ್ಕೆ ಬಾಳೆ ಇವತ್ತು ನೆಟ್ಟರೆ ಎಲೆ ಆ ಹೊತ್ತಿಗೆ ಸಿಗುತ್ತದೆ. ಕಟ್ಟಿಗೆ ಒಣಗಬೇಕು, ಅದಕ್ಕೆ ಮೊದಲೇ ಒಟ್ಟಬೇಕು. ಮಧ್ವ ಸರೋವರದ ಹತ್ತಿರ ಕಟ್ಟಿಗೆ ರಥ ನೋಡಿದ್ದೀರಲ್ಲ? ಸೌದೆಯನ್ನು ತೇರಿನ ಆಕಾರಕ್ಕೆ ಜೋಡಿಸಿರುತ್ತಾರೆ, ಗಾಳಿ ಆಡುವ ಹಾಗೆ.

ನಮ್ಮ ಪಟ್ಟಿಗಳಲ್ಲಿ ಈ ಭಾಗ ಇರುವುದೇ ಇಲ್ಲ. "ಜೂನ್‌ಗೆ ಹೊಸ ಅಂಗಡಿ" ಅಂತ ಬರೆಯುತ್ತೇವೆ. ಬಾಳೆ ಯಾವಾಗ ನೆಡಬೇಕು ಅಂತ ಬರೆಯುವುದಿಲ್ಲ.

ಮೂಡುಬಿದಿರೆ ಮಾಣಿ
ಒಳ್ಳೆಯ ಮಾತು. ಆದರೆ ಮಠಕ್ಕೆ ಭಕ್ತರಿದ್ದಾರೆ, ಅಕ್ಕಿ, ತರಕಾರಿ ಎಲ್ಲ ಹೊರೆಕಾಣಿಕೆಯಾಗಿ ಬರುತ್ತದೆ. ಮನೆಯಲ್ಲಿ ಮಾಡುವವರು ಇಬ್ಬರು. ಹೋಲಿಕೆ ಸರಿ ಕೂರುವುದಿಲ್ಲ.

ರಥಬೀದಿ ಹುಡುಗ
ಹೊರೆಕಾಣಿಕೆ ಬರುವುದೂ ಮೊದಲೇ ಹೇಳಿದ್ದಕ್ಕೆ ಅಲ್ವಾ? ಮನೆಯಲ್ಲೂ ಹಾಗೇ. ನನಗೆ ಇಂಥದ್ದು ಮಾಡಬೇಕು ಅಂತ ಉಂಟು, ನೀನು ಇಷ್ಟು ಕೈ ಜೋಡಿಸು ಅಂತ ಬಾಯಿ ಬಿಟ್ಟು ಕೇಳಿದರೆ ಯಾರಾದರೂ ಬರುತ್ತಾರೆ.

ಕಿನ್ನಿಗೋಳಿ ಮನೆ
ಕೇಳಿದರೆ ಬರುತ್ತಾರೆ ಅಂತ ಗಂಡಸರು ಸುಲಭವಾಗಿ ಹೇಳುತ್ತಾರೆ. ನನ್ನ ಗುರಿ ಬಿ.ಎಡ್ ಮುಗಿಸುವುದು. ಕಳೆದ ವರ್ಷವೂ ಅದೇ ಇತ್ತು. ಯಾಕೆ ಆಗಲಿಲ್ಲ ಅಂದರೆ ಸಂಜೆ ಓದಲು ಕೂತಾಗಲೇ ಒಬ್ಬರಿಗೆ ಚಹಾ, ಒಬ್ಬರಿಗೆ ಹೋಮ್‌ವರ್ಕ್, ಫ್ರಿಜ್ಜಿನಲ್ಲಿ ಮೀನು ಕೊಯ್ಯದೆ ಇಟ್ಟದ್ದು. ಮನೆಯವರ ಗುರಿಗೆ ನನ್ನ ಸಮಯ ತಾನಾಗಿ ಸಿಗುತ್ತದೆ. ನನ್ನ ಗುರಿಗೆ ಅವರ ಸಮಯ ಕೇಳಿ ಪಡೆಯಬೇಕು. ಹಿಂದಿನ ವರ್ಷ ನೋಡುವಾಗ ಇದನ್ನೂ ನೋಡಿ. ಗಂಡ, ಹೆಂಡತಿ, ಅತ್ತೆ, ಮಕ್ಕಳು ಎಲ್ಲ ಒಟ್ಟಿಗೆ ಕೂತು ನೋಡಿ.

ದುಬೈ ಕುಡ್ಲ
ಅಕ್ಕ ಹೇಳಿದ್ದು ನಾಟಿತು. ನಾನು ವರ್ಷಕ್ಕೊಮ್ಮೆ ಊರಿಗೆ ಬರುವವನು. ಬಂದಾಗ ಮದುವೆ, ಗೃಹಪ್ರವೇಶ, ಕೋಲ, ಬ್ಯಾಂಕು ಅಂತ ರಜೆ ಮುಗಿಯುತ್ತದೆ. ಈ ಸಲ ಬಂದಾಗ ಹೆಂಡತಿ ಒಂದು ಪುಸ್ತಕ ಮುಂದೆ ಇಟ್ಟಳು. ಮಗಳಿಗೆ ಜ್ವರ ಬಂದ ದಿನಗಳು, ಬಾವಿ ಪಂಪ್ ಹಾಳಾದದ್ದು, ಶಾಲೆಯ ಮೀಟಿಂಗ್, ಎಲ್ಲ ಅವಳೇ ಬರೆದದ್ದು. ಫೋನಿನಲ್ಲಿ ದಿನಾ ಮಾತಾಡಿದರೂ ಇದರಲ್ಲಿ ಅರ್ಧ ನನಗೆ ಹೇಳಿರಲಿಲ್ಲ, ದೂರ ಇರುವವನಿಗೆ ಯಾಕೆ ಚಿಂತೆ ಅಂತ. ಅದನ್ನು ಓದಿದ ಮೇಲೆ ನಮ್ಮ ಗುರಿ ಇಬ್ಬರೂ ಸೇರಿ ಬರೆದೆವು. ಇನ್ನೊಂದು ಸೈಟ್ ತೆಗೆಯುವ ಮಾತು ಬಿಟ್ಟೆವು. ಆ ದುಡ್ಡಲ್ಲಿ ಸುರತ್ಕಲ್ ಕಡೆ ಸಣ್ಣ ವರ್ಕ್‌ಶಾಪ್ ಹಾಕಿ ಊರಿಗೆ ಬರುವುದು ಅಂತ ಆಗಿದೆ.

ಕಿನ್ನಿಗೋಳಿ ಮನೆ
ತಮ್ಮಾ, ಬೇಗ ಬನ್ನಿ. ದೇವರು ಒಳ್ಳೆಯದು ಮಾಡಲಿ.

ಬಜ್ಪೆ ಬಯಲಾಟ
ಉದ್ದದ ಗುರಿ ಅಂದರೆ ಕಟೀಲು ಯಕ್ಷಗಾನ ಮೇಳದ ಹರಕೆ ಆಟ. ಇವತ್ತು ಬುಕ್ ಮಾಡಿದರೆ ಸರದಿ ಬರಲು ವರ್ಷಗಟ್ಟಲೆ ಉಂಟು. ನಮ್ಮ ಅಜ್ಜಿ ಬುಕ್ ಮಾಡಿಟ್ಟದ್ದನ್ನು ಈಗ ನಾವು ಆಡಿಸುವುದು. ತಾಂಡೇಲರ ವರ್ಷದ ಹಾಗೆ ಆಟದವರ ವರ್ಷವೂ ಬೇರೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮುಗಿಯಿತು.

ಕುಂಪಲ ಕುವರ
ಪತ್ತನಾಜೆ ಅಂದರೆ ಮೇ ತಿಂಗಳಲ್ಲಿ ಅಲ್ವಾ? ಆಟ ಯಾವತ್ತು ಹೇಳಿ, ಬರ್ತೇನೆ.

ಬಜ್ಪೆ ಬಯಲಾಟ
ಹೌದು, ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆ ವಾರದ ಹತ್ತಿರ ಬರುತ್ತದೆ. ಆಟ ಮಾರ್ಚಿನಲ್ಲಿ. ದಿನ ಪಕ್ಕಾ ಆದ ಮೇಲೆ ಹಾಕ್ತೇನೆ. ಎಲ್ಲರೂ ಬನ್ನಿ, ಊಟ ಉಂಟು.

ಬಿಜೈ ಅಕ್ಕ
ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಕಿನ್ನಿಗೋಳಿಯವರ ಮಾತು ಮನೆಯಲ್ಲಿ ಓದಿ ಹೇಳಿದೆ. ಅತ್ತೆ ಕೂಡಲೇ, ಬೆಳಿಗ್ಗೆ ತಿಂಡಿಯ ಕೆಲಸ ಇನ್ನು ನನ್ನದು, ಕಾಲು ಸರಿ ಆಯಿತಲ್ಲ ಅಂದರು. ಆ ಹೊತ್ತಿನಲ್ಲಿ ನಾನು ಕದ್ರಿ ಪಾರ್ಕಿಗೆ ಹೋಗಿ ಬರುವುದು ಅಂತ ಆಯಿತು. ಮಗನ ಟ್ಯೂಷನ್ ಫೀಸಿನ ವಿಷಯ ಲೆಕ್ಕಿಗರು ಹೇಳಿದ ಹಾಗೆ ಸ್ಟೇಟ್‌ಮೆಂಟ್ ನೋಡಿ ಆಮೇಲೆ ಅಂತ ಬಿಟ್ಟಿದ್ದೇವೆ.

ಮಲ್ಪೆ ತಾಂಡೇಲ
ಕಾರ್ಕಳದ ಅಣ್ಣ, ಮಳೆ ಅಳೆಯುವುದು ಹೇಗೆ? ನಿಷೇಧದ ಸಮಯದಲ್ಲಿ ಮಗಳ ಹತ್ತಿರ ಬರೆಸುವ ಅಂತ. ಅದಕ್ಕೆ ಅಂತ ಡಬ್ಬ ತರಬೇಕಾ?

ಕಾರ್ಕಳದ ಕೃಷಿಕ
ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಮಾಪಕ ಸಿಗುತ್ತದೆ, ದುಬಾರಿ ಏನಿಲ್ಲ. ಇಲ್ಲದಿದ್ದರೆ ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ, ತಳ ಚಪ್ಪಟೆ ಇರುವ ಡಬ್ಬ ಸಾಕು. ಮರ, ಮನೆಯ ಮಾಡು ಯಾವುದೂ ಹತ್ತಿರ ಇರಬಾರದು. ಗಾಳಿಗೆ ಬೀಳದ ಹಾಗೆ ಗೂಟಕ್ಕೆ ಕಟ್ಟಿ. ಸ್ಕೇಲ್ ಇಳಿಸಿ ನೀರು ಎಷ್ಟು ಮಿಲಿಮೀಟರ್ ಅಂತ ನೋಡಿ ಚೆಲ್ಲಿಬಿಡುವುದು. ದಿನಾ ಬೆಳಿಗ್ಗೆ 8.30ಕ್ಕೇ ಅಳೆಯಲು ಹೇಳಿ. ಹವಾಮಾನ ಇಲಾಖೆಯವರು ಅಳೆಯುವುದೂ ಆ ಹೊತ್ತಿಗೇ, ಪೇಪರಿನಲ್ಲಿ ಬಂದದ್ದರ ಜೊತೆ ಇಟ್ಟು ನೋಡಬಹುದು.